ಹಬ್ಬದೂಟ ಮತ್ತು ಹಳ್ಳೂರಿನ ಮಡಕೆ

ರಾಣೇಬೆನ್ನೂರಿನಲ್ಲಿ ನಾವು ನಿವೃತ್ತರೆಲ್ಲ ಕೂಡಿ ಉಂಡ ಸಂಕ್ರಾಂತಿಯ ಊಟದಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬ್ಯಾಡಗಿ ಮೆಣಸಿನಕಾಯಿಯಿಂದ ಕೆಂಪೇರಿದ ಎಣ್ಣೆಗಾಯಿ. ಬಳಿಕ ಪ್ರಾಚೀನ ಮಡಕೆಗಳ ಕುರಿತು ಉಪನ್ಯಾಸ. (ಉಂಡ ಮೇಲಿನ ಉಪನ್ಯಾಸ ಅರ್ಧ ಜನರಿಗೆ ಜೋಗುಳವೇ!)

ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರು ತುಂಗಭದ್ರೆಯ ದಡದ ಊರು. ಅಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ಕಬ್ಬಿಣದ ಆಯುಧಗಳೊಡನೆ ಕಪ್ಪು-ಕೆಂಪು ಮಡಕೆಗಳು ದೊರೆತವು. ಒಳಗೆ ಕಪ್ಪು, ಹೊರಗೆ ಕೆಂಪು ಹೇಗೆ? ಉಪನ್ಯಾಸಕರಿಗಿಂತ ಮೊದಲೇ ಉತ್ತರಿಸಿದವರು, ನನ್ನೊಡನೆ ಶಾಲೆಯಲ್ಲಿ ಜವಾನರಾಗಿದ್ದ ಕುಂಬಾರ ಮನೆತನದ ಹಿರಿಯರು: “ಬೋರಲ ಹಾಕಿ ಸುಡಬೇಕ್ರಿ. ಗಾಳಿ ಸಿಗದ ಒಳಮೈ ಕರ್ರಗಾಗತೈತಿ.” ಸಭೆಯ ನಿದ್ದೆ ಹಾರಿತು.

ಅವರ ಮನೆಯ ತಿಗರಿ ಹಿತ್ತಲಲ್ಲಿ ಬಿದ್ದಿದೆ. ಮಗ ಹುಬ್ಬಳ್ಳಿಯಲ್ಲಿ ಲಾರಿ ಚಾಲಕ. ಮೊಮ್ಮಗಳಿಗಾದರೂ ಕಲಿಸಿರೆಂದೆ.

“ಕಲಸ್ತೇನ್ರಿ ಸರ, ಆಕಿಗೂ ಆಸೆ ಐತಿ. ಆದ್ರ ಕೆರಿ ಮಣ್ಣೆಲ್ಲೈತ್ರಿ?”