ಬಾಡಿಗೆ ಕಾರಿನಲ್ಲಿ ಕಡಲ ತಡಿಯ ಮಂಗಳೂರು

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ಹಿರಿಯರ ಮಾತು. ಆದರೆ ಎಪ್ಪತ್ತು ದಾಟಿ, ಮಂಡಿನೋವಿನಿಂದ ಬಳಲುವ ಹಿರಿಯರೇ ದೇಶ ಸುತ್ತುವುದೆಂತು? ಚಿಂತಾಮಣಿಯಲ್ಲಿ ಹುಟ್ಟಿ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗೆ ಸೊಸೆಯಾಗಿ ಬಂದ ನಮ್ಮ ತಾಯಿಯವರು ಸಮುದ್ರವನ್ನು ಕಂಡವರಲ್ಲ. ತಂದೆಯವರು ಕರೆದೊಯ್ಯುವುದಾಗಿ ಹೇಳುತ್ತಲೇ ಇದ್ದರು. ಹುಳುಮನೆಯ ಕೆಲಸ ಬಿಡುವು ಕೊಡಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಕಳೆದ ಮಾಘ ಮಾಸದಲ್ಲಿ ತಾಯಿಯವರೇ ಎತ್ತಿದರು: "ನಮಗೆ ನೀರು ಬರುವುದು ಆ ಕಡೆಯ ಹೊಳೆಯಿಂದ ಅಂತೀರಲ್ಲಪ್ಪ, ಅದು ಕಡಲು ಸೇರುವ ಜಾಗವನ್ನು ಒಮ್ಮೆ ತೋರಿಸಿ."

ತಾಯಿಯವರ ಮಾತಿಗೆ ಹಿನ್ನೆಲೆಯಿದೆ. ನಂದಿಯ ಬೆಟ್ಟಸಾಲಿನಲ್ಲಿ ಹಲವು ನದಿಗಳು ಹುಟ್ಟಿದರೂ ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿಯೂ ಬಹುಕಾಲ ಮರಳಾಗಿಯೇ ಇರುತ್ತದೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಎತ್ತಿ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಮೊದಲ ಹಂತ 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಗೊಂಡಿತು. ಹತ್ತು ವರ್ಷಗಳಿಂದ ನಮ್ಮ ಮನೆಗಳಲ್ಲಿ ಎತ್ತಿನಹೊಳೆಯ ಹೆಸರು ನೆಂಟರ ಹೆಸರಿನಂತೆ ಕೇಳಿಬರುತ್ತಿದೆ.

ಬೆಂಗಳೂರಿನವರೆಗೆ ಬಸ್ಸು, ಅಲ್ಲಿಂದ ರಾತ್ರಿಯ ರೈಲು. ಮುಂಜಾನೆ ಮಂಗಳೂರಿನಲ್ಲಿಳಿದಾಗ ಬಿಸಿಲು ಆಗಲೇ ಚುರುಕಾಗಿತ್ತು. ಊರು ಏರು-ತಗ್ಗುಗಳ ಗುಡ್ಡ. ಸಿಟಿ ಬಸ್ಸು ಹತ್ತಿಳಿಯುವುದು ತಾಯಿಯವರಿಂದಾಗದು. ಒಂದು ದಿನಕ್ಕೆ ಬಾಡಿಗೆ ಕಾರನ್ನೇ ಗೊತ್ತುಮಾಡಿದೆವು.

ಕುಟುಂಬದೊಡನೆ ಹೊರಡುವ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಎರಡು ಮಾತು. ಚಾಲಕರೊಡನೆ ಬರುವ ಬಾಡಿಗೆ ಕಾರಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ನಾವೇ ಓಡಿಸಲು ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕದ ಖಾಸಗಿ ಕಾರನ್ನು ಅಗ್ಗವೆಂದು ಬಾಡಿಗೆಗೆ ಹಿಡಿದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತೊಡಕಾಗುತ್ತದೆ. ಸಾಮಾನ್ಯವಾಗಿ 8 ಗಂಟೆ, 80 ಕಿಲೋಮೀಟರಿಗೆ ಒಂದು ದರವಿರುತ್ತದೆ. ಅದನ್ನು ಮೀರಿದರೆ ಗಂಟೆಗೂ ಕಿಲೋಮೀಟರಿಗೂ ಬೇರೆ ಲೆಕ್ಕ. ಹೊರಡುವ ಮೊದಲೇ ಮೀಟರಿನ ಅಂಕಿ ಬರೆದುಕೊಂಡು, ಚಾಲಕರ ಬಾಟಾ ಎಷ್ಟೆಂದು ಕೇಳಿಕೊಳ್ಳುವುದು ಲೇಸು. ತಾನೇ ಓಡಿಸುವೆನೆಂದು ನನ್ನ ತಮ್ಮನ ಹಟ. "ಊರು ಗೊತ್ತಿದ್ದವರ ಜೊತೆ ಹೋದರೆ ಊರಿನ ಮಾತೂ ಕೇಳಿಸುತ್ತದೆ" ಎಂದು ತಾಯಿಯವರು ತೀರ್ಮಾನ ಕೊಟ್ಟರು. ಅದೇ ಒಳ್ಳೆಯದಾಯಿತು.

ವಸತಿಗೃಹದಲ್ಲಿ ಸ್ನಾನ, ಲಿಂಗಪೂಜೆ ಮುಗಿಸಿ, ನೀರುದೋಸೆ ತಿಂದು ಹೊರಟೆವು. ಕದ್ರಿಯ ಮಂಜುನಾಥನ ಗುಡಿಯಲ್ಲಿ ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿದೆವು. ಬಲ್ಮಠದ ಹಾದಿಯಲ್ಲಿ ಬಾಸೆಲ್ ಮಿಷನ್ನಿನ ನೆನಪಾಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್ ಅವರ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಇದೇ ಊರಿನಲ್ಲಿ ಅಚ್ಚಾಯಿತು. ಹಳೆಯ ಮನೆಗಳ ಕೆಂಪು ಹಂಚನ್ನು ಕಂಡು ತಾಯಿಯವರು, "ನಮ್ಮಜ್ಜನ ಮನೆಯ ಮೇಲೂ ಇಂಥದ್ದೇ ಇತ್ತು" ಎಂದರು.

ಮಧ್ಯಾಹ್ನದ ಹೊತ್ತಿಗೆ ಚಾಲಕರು ಕೇಳಿದರು: "ನೀವು ಎಲ್ಲಿಂದ ಬಂದದ್ದು ಅಮ್ಮಾ?" ಚಿಕ್ಕಬಳ್ಳಾಪುರ ಜಿಲ್ಲೆಯೆಂದಾಗ ಅವರು ಕ್ಷಣಕಾಲ ಸುಮ್ಮನಾದರು. "ಓ, ನಮ್ಮ ನೇತ್ರಾವತಿಯನ್ನು ಕೇಳುವ ಊರು!" ಎಂದು ನಕ್ಕರು. ನಗೆಯ ಒಳಗೆ ನೋವಿತ್ತು.

ಬೆಂಗ್ರೆಯ ಅಳಿವೆಬಾಗಿಲಿಗೆ ಬಂದರಿನಿಂದ ದೋಣಿಯುಂಟು. ಆದರೆ ತಾಯಿಯವರು ದೋಣಿ ಹತ್ತಲಾರರು. ಕೂಳೂರಿನ ಸೇತುವೆ ಬಳಸಿ, ತಣ್ಣೀರುಬಾವಿಯ ಮೂಲಕ ಕಾರು ಸಾಗಿತು. ಒಂದು ಕಡೆ ಗುರುಪುರ ಹೊಳೆ, ಮತ್ತೊಂದು ಕಡೆ ಸಮುದ್ರ, ನಡುವೆ ಮೀನುಗಾರರ ಮನೆಗಳ ಕಿರಿದಾದ ನೆಲ. ಅದರ ತುದಿಯಲ್ಲಿ ಗುರುಪುರ ಹೊಳೆಯೂ ನೇತ್ರಾವತಿಯೂ ಕೂಡಿ ಕಡಲನ್ನು ಸೇರುತ್ತವೆ. ಆಚೆಗೆ ಉಳ್ಳಾಲದ ತೆಂಗಿನ ಸಾಲು. ತಾಯಿಯವರು ನನ್ನ ತೋಳು ಹಿಡಿದು ಬಹಳ ಹೊತ್ತು ನಿಂತರು. ಅನಂತರ ಕೇಳಿದರು: "ಇಷ್ಟೂ ನೀರು ಸುಮ್ಮನೆ ಹೋಗುತ್ತದೆಯೇ?"

ಚಾಲಕರು ಮೆಲ್ಲನೆ ಹೇಳಿದರು: "ಸುಮ್ಮನೆ ಅಲ್ಲ ಅಮ್ಮಾ. ಹೊಳೆಯ ನೀರು ಬಂದರೇ ಇಲ್ಲಿ ಮೀನು ಎನ್ನುತ್ತಾರೆ ನಮ್ಮವರು. ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟು ಇಳಿದರೆ ನಮ್ಮ ನಳ್ಳಿಯಲ್ಲೂ ನೀರಿಲ್ಲ. ಸಮುದ್ರ ಎದುರಿಗೇ ಉಂಟು, ಕುಡಿಯಲಿಕ್ಕೆ ಆಗುವುದಿಲ್ಲ." ಅವರ ಮಾತು ದಿಟ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ನಗರದಲ್ಲಿ 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ನೀರನ್ನು ಸರದಿಯಂತೆ ಬಿಡಬೇಕಾಯಿತು.

"ನಮ್ಮಲ್ಲಿ ಸಾವಿರದೈನೂರು ಅಡಿ ಕೊರೆದರೂ ಬರೀ ಧೂಳು ಏಳುತ್ತದಪ್ಪ" ಎಂದರು ತಾಯಿಯವರು. "ಬಂದರೂ ಫ್ಲೋರೈಡಿನ ನೀರು. ನಿಮ್ಮದನ್ನು ಕಿತ್ತುಕೊಳ್ಳಬೇಕೆಂದು ಕೇಳುವವರಲ್ಲ ನಾವು." ಇಬ್ಬರೂ ಮರಳಿನ ಮೇಲೆ ಕುಳಿತು ತಮ್ಮ ತಮ್ಮ ಊರಿನ ಬಾವಿಗಳ ಕಥೆ ಹೇಳಿಕೊಂಡರು. ಬಾಡಿಗೆಯ ಅವಧಿ ಮುಗಿಯುತ್ತಿರುವುದನ್ನು ಚಾಲಕರೂ ನೆನಪಿಸಲಿಲ್ಲ, ನಾವೂ ಏಳಲಿಲ್ಲ. ಹೆಚ್ಚಿನ ಎರಡು ಗಂಟೆಯ ಹಣವನ್ನು ಅವರು ಬೇಡವೆಂದರು. "ಕಾಯಕದ ಹಣ ಬಿಡಬಾರದು" ಎಂದು ತಾಯಿಯವರೇ ಅವರ ಕೈಯಲ್ಲಿಟ್ಟರು.

ಊರಿಗೆ ಮರಳಿದ ಮರುದಿನ ತಾಯಿಯವರು ಆಳೊಬ್ಬನನ್ನು ಕರೆಸಿ, ತಂದೆಯವರು ಕಟ್ಟಿಸಿ ನಾವು ಮರೆತಿದ್ದ ಮಳೆನೀರಿನ ತೊಟ್ಟಿಯ ಹೂಳು ತೆಗೆಸಿದರು. ಮಾಳಿಗೆಯ ಕೊಳವೆಯನ್ನು ಅದಕ್ಕೆ ಮತ್ತೆ ಜೋಡಿಸಿಯಾಯಿತು. "ನಮ್ಮ ಮೇಲೆ ಬಿದ್ದ ನೀರನ್ನು ಹಿಡಿಯದೆ ಅವರ ಹೊಳೆಯನ್ನು ಯಾವ ಬಾಯಲ್ಲಿ ಕೇಳೋಣ?" ಎಂಬುದು ಅವರ ಪ್ರಶ್ನೆ. ಮೊದಲ ಮಳೆಗೆ ತೊಟ್ಟಿ ಅರ್ಧ ತುಂಬಿತು.