ಅಣ್ಣ ಬಿಟ್ಟ ವಿಳಾಸ

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಕೌಲ್ ಬಜಾರ್ ಕಡೆಯ ಕೆಲವು ಜೀನ್ಸ್ ಹೊಲಿಗೆ ಘಟಕಗಳ ಲೆಕ್ಕ ಬರೆಯುವುದು, ಬಿಲ್ಲು ಮಾಡುವುದು, ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಘಟಕದ ಯಜಮಾನರಿಗೆ ಕಟಿಂಗ್, ಹೊಲಿಗೆ, ವಾಷಿಂಗ್, ಶನಿವಾರದ ಬಟವಾಡೆ ಇಷ್ಟರಲ್ಲೇ ವಾರ ಮುಗಿದುಹೋಗುತ್ತದೆ. ಹೊರಊರಿನ ಅಂಗಡಿಗಳ ಜೊತೆಗಿನ ಕಾಗದಪತ್ರವೆಲ್ಲ ನನ್ನ ಇಮೇಲಿನಿಂದಲೇ ನಡೆಯುತ್ತದೆ. ಆ ಇಮೇಲನ್ನು ಕಳೆದ ಬೇಸಿಗೆಯಲ್ಲಿ ಯಾರೋ ಕಿತ್ತುಕೊಂಡರು. ನನ್ನಂತೆಯೇ ಮನೆಯಲ್ಲಿ ಕೂತು ಹತ್ತು ಜನರ ವ್ಯವಹಾರ ನೋಡಿಕೊಳ್ಳುವವರು ಬಳ್ಳಾರಿಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಶನಿವಾರ, ಭಾನುವಾರ ನಾವೆಲ್ಲ ಕುರುಗೋಡಿನಲ್ಲಿದ್ದೆವು, ನನ್ನ ಗಂಡನ ಸೋದರತ್ತೆಯ ಮೊಮ್ಮಗಳ ಮದುವೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲೇ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಫೋನು. "ಮೇಡಂ, ನೀವು ಹೇಳಿದ ಹೊಸ ಅಕೌಂಟಿಗೆ ರೊಕ್ಕ ಹಾಕೇವ್ರಿ. ಮಾಲು ಯಾವಾಗ ಕಳಸ್ತೀರಿ?" ಎಂದರು. ನಾನು ಯಾವ ಹೊಸ ಅಕೌಂಟನ್ನೂ ಹೇಳಿರಲಿಲ್ಲ. ಅವರಿಗೆ ಬಂದ ಮೇಲನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ನೋಡಿದೆ. ನಮ್ಮಿಬ್ಬರ ನಡುವೆ ಮೊದಲಿನಿಂದ ನಡೆದಿದ್ದ ಮಾತುಕತೆಯ ಕೆಳಗೇ ಉತ್ತರ ಹೋಗಿತ್ತು. ನಾನೇ ಮಾಡಿದ ಬಿಲ್ಲು, ನನ್ನದೇ ಸಹಿ, ಮೊತ್ತ ಅದೇ 2.10 ಲಕ್ಷ ರೂಪಾಯಿ. ಬ್ಯಾಂಕ್ ಖಾತೆಯ ನಂಬರು, ಐಎಫ್‌ಎಸ್‌ಸಿ ಕೋಡು ಮಾತ್ರ ಬೇರೆ. ಆಡಿಟ್ ನಡೆದಿರುವುದರಿಂದ ಹಳೆಯ ಖಾತೆ ತಾತ್ಕಾಲಿಕವಾಗಿ ನಿಂತಿದೆ ಎಂದು ಎರಡು ಸಾಲಿನ ಕಾರಣ ಕೊಟ್ಟಿದ್ದರು. ಅಂಥ ಬಿಲ್ಲನ್ನು ನೋಡಿ ಯಾರೂ ಅನುಮಾನಪಡುವಂತಿರಲಿಲ್ಲ.

ಕಂಪ್ಯೂಟರ್ ಹಚ್ಚಿ ಮೇಲ್ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎಂದು ಬಂತು. ಫೋನಿನಲ್ಲಿಯೂ ಖಾತೆ ಲಾಗ್ಔಟ್ ಆಗಿತ್ತು. ಮದುವೆಮನೆಯಲ್ಲಿ ಎರಡು ದಿನ ಒಂದೂ ಮೇಲ್ ಬರಲಿಲ್ಲವಲ್ಲ ಎಂದು ಯಾರಿಗೆ ತಾನೇ ಅನ್ನಿಸುತ್ತದೆ? ಮೇಲ್ ಬಂದರೆ ಸದ್ದಾಗುತ್ತದೆ, ಬರದೆ ಹೋದರೆ ಯಾವ ಸದ್ದೂ ಇರುವುದಿಲ್ಲ.

ಮೊದಲು ಹುಬ್ಬಳ್ಳಿಯವರಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿದೆ. ಹಣ ಕಳೆದುಕೊಂಡವರೇ ಮಾಡಬೇಕು, ಹಣ ಹೋದ ಬ್ಯಾಂಕು, ಸಮಯ, ವ್ಯವಹಾರದ ನಂಬರು ಎಲ್ಲ ಅವರ ಕೈಯಲ್ಲೇ ಇರುತ್ತದೆ. ಈ ವ್ಯವಸ್ಥೆ 2021ರಲ್ಲಿ ಶುರುವಾಯಿತು. ಆಗ 155260 ಎಂಬ ನಂಬರಿತ್ತು, ಆಮೇಲೆ 1930 ಆಯಿತು. ದೂರು ದಾಖಲಾದ ಕೂಡಲೇ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ಅವರು ತಡೆಹಿಡಿಯುತ್ತಾರೆ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ. ಭಾನುವಾರ ರಾತ್ರಿ ಹಾಕಿದ ಹಣ ಸೋಮವಾರ ಬೆಳಗಿನ ಹೊತ್ತಿಗೆ ಬಹುಪಾಲು ದಾಟಿಹೋಗಿತ್ತು. ಎಪ್ಪತ್ತು ಸಾವಿರದಷ್ಟು ಮಾತ್ರ ಸಿಕ್ಕಿಬಿತ್ತು.

ನಾನು ಸೈಬರ್ ಅಪರಾಧಗಳನ್ನು ನೋಡುವ ಬಳ್ಳಾರಿಯ ಸಿಇಎನ್ ಠಾಣೆಗೆ ಹೋದೆ. ಪರರ ಪಾಸ್‌ವರ್ಡ್ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿಗೆ, ಕಂಪ್ಯೂಟರ್ ಮೂಲಕ ಬೇರೆಯವರಂತೆ ನಟಿಸಿ ಮೋಸ ಮಾಡುವುದು 66ಡಿ ಕಲಮಿಗೆ ಬರುತ್ತದೆ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದೂರು ಬರೆದುಕೊಟ್ಟೆ, ಸ್ವೀಕೃತಿ ತೆಗೆದುಕೊಂಡೆ. ಆ ಕಾಗದ ಎಷ್ಟು ಮುಖ್ಯ ಎಂಬುದು ಮುಂದೆ ತಿಳಿಯಿತು. ಬೇರೆ ವ್ಯಾಪಾರಿಗಳಿಗೆ "ಈ ಮೇಲಿನಿಂದ ಏನು ಬಂದರೂ ನಂಬಬೇಡಿ" ಎಂದು ಹೇಳುವಾಗ ಜೊತೆಗೆ ಅದರ ಫೋಟೋ ಕಳಿಸಿದರೆ ಮಾತ್ರ ಅವರು ಗಂಭೀರವಾಗಿ ತೆಗೆದುಕೊಂಡರು.

ಘಟಕದ ಯಜಮಾನರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ನನ್ನನ್ನು ಬೈಯಲಿಲ್ಲ. "ಅಕ್ಕಾ, ಶನಿವಾರ ಬಟವಾಡೆಗೆ ಏನು ಮಾಡೋದು?" ಎಂದಷ್ಟೇ ಕೇಳಿದರು. ಆ ಹಣದ ಮೇಲೆ ಹೊಲಿಗೆಯವರು, ಕಾಜಾ-ಗುಂಡಿಯವರು, ದಾರ ಕತ್ತರಿಸುವ ಹೆಂಗಸರು, ಎಷ್ಟೋ ಜನರ ವಾರದ ಕೂಲಿ ನಿಂತಿತ್ತು. ಆ ಹೆಂಗಸರಲ್ಲಿ ಕೆಲವರು ನಮ್ಮ ಬೀದಿಯವರೇ. ಮನೆಯ ಮುಂದೆ ಹಾದು ಹೋಗುವಾಗ ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಮೇಲ್ ವಾಪಸ್ ಪಡೆಯುವ ಪಾಡು ಬೇರೆಯೇ ಒಂದು ಕಥೆ. ಮೇಲ್ ಕೊಡುವ ಕಂಪನಿಯಲ್ಲಿ ಮಾತಾಡಲು ಮನುಷ್ಯರೇ ಸಿಗುವುದಿಲ್ಲ, ಒಂದು ಫಾರಂ ಇರುತ್ತದೆ ಅಷ್ಟೇ. ಖಾತೆ ನಿಮ್ಮದು ಎಂದು ಯಂತ್ರಕ್ಕೆ ನಂಬಿಕೆ ಬರಬೇಕು. ನನ್ನ ಗಂಡನ ತಮ್ಮ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು "ಕಸ್ಟಮರ್ ಕೇರ್" ನಂಬರು ಕೊಟ್ಟರು. ಫೋನ್ ಎತ್ತಿದವನು ಬಹಳ ಮರ್ಯಾದೆಯಿಂದ ಮಾತಾಡಿದ. ಆಮೇಲೆ ಫೋನಿನ ಪರದೆ ತನಗೆ ಕಾಣುವಂತೆ ಮಾಡುವ ಒಂದು ಆಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಶುಲ್ಕ ಕಟ್ಟಿ ಎಂದ. ಪುಕ್ಕಟೆ ಮೇಲ್ ಕೊಡುವ ಕಂಪನಿಗೆ ಹತ್ತು ರೂಪಾಯಿ ಯಾಕೆ ಬೇಕು? ಫೋನ್ ಇಟ್ಟುಬಿಟ್ಟೆ. ಒಂದು ಸಲ ಮೋಸಹೋಗಿ ಗಾಬರಿಯಲ್ಲಿರುವವರನ್ನೇ ಕಾಯ್ದು ಕೂರುವವರು ಇದ್ದಾರೆ ಎನ್ನುವುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಅವನ ಮೇಲೆ ಬಂದಷ್ಟು ಸಿಟ್ಟು ಮೊದಲಿನ ಕಳ್ಳರ ಮೇಲೂ ಬಂದಿರಲಿಲ್ಲ.

ದಾರಿ ತೋರಿಸಿದವನು ಅಕ್ಕನ ಮಗ, ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ. "ಚಿಗವ್ವ, ಠಾಣೆ ಹತ್ರ, ಅಂಗಡಿ ಹತ್ರ ಕೂತು ಫೋನಿನಾಗ ಮಾಡಬ್ಯಾಡ. ಮನಿಯಾಗಿನ ಅದೇ ಹಳೆ ಕಂಪ್ಯೂಟರಿನಾಗ, ಅದೇ ನೆಟ್ಟಿನಾಗ ಮಾಡು" ಎಂದ. ಯಾವ ಯಂತ್ರದಿಂದ, ಯಾವ ಜಾಗದಿಂದ ನಾವು ವರ್ಷಗಟ್ಟಲೆ ಖಾತೆ ತೆರೆದಿರುತ್ತೇವೋ ಅದರ ಗುರುತು ಕಂಪನಿಯ ಬಳಿ ಇರುತ್ತದಂತೆ. ಕಳ್ಳರು ಫೋನ್ ನಂಬರು ಬದಲಿಸಿದರೂ, ಆ ಗುರುತನ್ನು ಅವರು ತರಲಾರರು. ಹಾಗಾಗಿ ಮಾರಬೇಕೆಂದು ಇಟ್ಟಿದ್ದ ಹಳೆಯ ಡೆಸ್ಕ್‌ಟಾಪಿನ ಮುಂದೆ ಕೂತೆವು. ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಬಂದಿದ್ದ ಕೋಡಿನ ಅವಧಿ ಮುಗಿಯಿತು. ಮತ್ತೆ ಮತ್ತೆ ಪ್ರಯತ್ನಿಸಿದರೆ "ಬಹಳ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಕಾಲದ ನಂತರ ಬನ್ನಿ" ಎಂಬ ಉತ್ತರ. ಆ "ಸ್ವಲ್ಪ ಕಾಲ" ಎಷ್ಟು ಎಂದು ಎಲ್ಲಿಯೂ ಹೇಳಿರಲಿಲ್ಲ. ಖಾತೆ ಯಾವಾಗ ತೆರೆದದ್ದು, ಹಿಂದಿನ ಪಾಸ್‌ವರ್ಡ್ ಯಾವುದು ಎಂದೆಲ್ಲ ಕೇಳಿತು. ಕೊನೆಗೆ ನನ್ನದೇ ಹಳೆಯ ಫೋನ್ ನಂಬರಿಗೆ ಕೋಡು ಬಂತು. ಬೇರೆಯವರು ನಂಬರು ಬದಲಿಸಿದ ಮೇಲೂ ಕೆಲವು ದಿನ ಹಿಂದಿನ ನಂಬರಿಗೆ ಅವಕಾಶ ಉಳಿದಿರುತ್ತದೆ. ಒಳಗೆ ಹೋದೆವು.

ಪಾಸ್‌ವರ್ಡ್ ಬದಲಿಸಿ ಉಸಿರುಬಿಟ್ಟೆ. ಹುಡುಗ ಬಿಡಲಿಲ್ಲ, ಸೆಟ್ಟಿಂಗ್ಸ್ ತೆರೆಸಿದ. ಅಲ್ಲಿ ಒಂದು ಫಿಲ್ಟರ್ ಕೂತಿತ್ತು. ಪೇಮೆಂಟ್, ಬ್ಯಾಂಕ್, ಇನ್‌ವಾಯ್ಸ್ ಎಂಬ ಪದವಿರುವ ಯಾವ ಮೇಲ್ ಬಂದರೂ ಅದರ ಪ್ರತಿಯನ್ನು ಹೊರಗಿನ ಒಂದು ವಿಳಾಸಕ್ಕೆ ಕಳಿಸಿ, ಮೂಲವನ್ನು ನನ್ನ ಕಣ್ಣಿಗೆ ಬೀಳದಂತೆ ಕಸಕ್ಕೆ ಹಾಕು ಎಂಬುದು ಅದರ ಕೆಲಸ. ಪಾಸ್‌ವರ್ಡ್ ಬದಲಿಸಿದರೆ ಈ ಫಿಲ್ಟರ್ ಹೋಗುವುದಿಲ್ಲ. ನಾನು ಮೇಲ್ ವಾಪಸ್ ಪಡೆದ ಮೇಲೂ ಅವರಿಗೆ ಎಲ್ಲ ಸುದ್ದಿ ಹೋಗುತ್ತಲೇ ಇರಬೇಕೆಂಬ ಏರ್ಪಾಡು ಅದು. ಬೀಗ ಬದಲಿಸಿದ ಮನೆಯ ಗೋಡೆಯಲ್ಲಿ ಕನ್ನ ಹಾಗೆಯೇ ಉಳಿದಂತೆ. ಖಾತೆ ಕಳೆದು ಪಡೆದವರು ಫಿಲ್ಟರ್, ಫಾರ್ವರ್ಡಿಂಗ್, ತೆರೆದಿರುವ ಯಂತ್ರಗಳ ಪಟ್ಟಿ ಇವನ್ನು ನೋಡದೆ ನಿಲ್ಲಬಾರದು ಎಂದು ಈಗ ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಅವರು ಒಳಬಂದ ದಾರಿ ಕಸದ ಫೋಲ್ಡರಿನಲ್ಲೇ ಸಿಕ್ಕಿತು. ಮರುಪ್ರಾಪ್ತಿ ವಿಳಾಸದ ಮೂಲಕ ಪಾಸ್‌ವರ್ಡ್ ಬದಲಾಗಿದೆ ಎಂಬ ಸೂಚನೆ ಅಲ್ಲಿತ್ತು. ಆ ಮರುಪ್ರಾಪ್ತಿ ವಿಳಾಸ ನನ್ನ ಅಣ್ಣನದು.

2003ರಲ್ಲಿ ಈ ಮೇಲನ್ನು ನನಗೆ ತೆರೆದುಕೊಟ್ಟವನು ಅವನೇ, ಒಂದು ಬ್ರೌಸಿಂಗ್ ಸೆಂಟರಿನಲ್ಲಿ. ಮಸ್ಕತ್ತಿಗೆ ಕೆಲಸಕ್ಕೆ ಹೊರಟಿದ್ದ, ಮನೆಯ ಸುದ್ದಿ ತಿಳಿಸಲು ಒಂದು ದಾರಿ ಬೇಕಿತ್ತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ ಗೆಳೆಯನ ಜೊತೆ ಸೇರಿ ಹಾಟ್‌ಮೇಲ್ ತೆರೆದದ್ದು 1996ರಲ್ಲಿ. ಇಂಟರ್ನೆಟ್ ಬಳ್ಳಾರಿಯ ಗಲ್ಲಿಗಳಿಗೆ ಗಂಟೆಯ ಲೆಕ್ಕದಲ್ಲಿ ಬರಲು ಇನ್ನಷ್ಟು ವರ್ಷ ಹಿಡಿಯಿತು. ಆಗ ಖಾತೆ ತೆರೆಯಲು ಮೊಬೈಲ್ ನಂಬರು ಕೇಳುತ್ತಿರಲಿಲ್ಲ, ನಮ್ಮಲ್ಲಿ ಮೊಬೈಲೂ ಇರಲಿಲ್ಲ. ಪಾಸ್‌ವರ್ಡ್ ಮರೆತರೆ ಇರಲಿ ಎಂದು ಅಣ್ಣ ತನ್ನ ವಿಳಾಸ ಬರೆದ. ತಂಗಿಯ ಮೇಲಿನ ಕಾಳಜಿಯಿಂದ ಮಾಡಿದ ಕೆಲಸ.

ಮಸ್ಕತ್ತಿಗೆ ಫೋನ್ ಮಾಡಿದೆ. "ಆ ಅಡ್ರೆಸ್ ಯಾವಾಗೋ ಬಿಟ್ಟೀನಲ್ಲವ್ವಾ, ಅದು ಇನ್ನೂ ಐತಾ?" ಎಂದ. ಅವನು ಬಿಟ್ಟ ಮೇಲೆ ಬಳಕೆಯಿಲ್ಲದ ಖಾತೆ ಎಂದು ಅದು ಮುಚ್ಚಿಹೋಗಿ, ಹೆಸರು ಖಾಲಿಯಾಗಿ, ಇನ್ಯಾರೋ ಅದೇ ಹೆಸರಿನಲ್ಲಿ ಹೊಸದಾಗಿ ತೆರೆದಿದ್ದಾರೆ. ಪರೀಕ್ಷೆಗೆಂದು ಆ ವಿಳಾಸಕ್ಕೆ ಒಂದು ಮೇಲ್ ಹಾಕಿದೆ. ಖಾತೆಯೇ ಇಲ್ಲದಿದ್ದರೆ ಮೇಲ್ ತಿರುಗಿ ಬರಬೇಕಿತ್ತು. ಬರಲಿಲ್ಲ. ಅಣ್ಣನ ಹೆಸರಿನ ಆ ಪೆಟ್ಟಿಗೆಯ ಆಚೆ ಬೇರೆ ಯಾರೋ ಕೂತಿದ್ದಾರೆ ಎಂದು ತಿಳಿದಾಗ ಹೊಟ್ಟೆಯಲ್ಲಿ ಆದ ಸಂಕಟವನ್ನು ಬರೆದು ಹೇಳಲಾರೆ.

ಇದು ನನಗೊಬ್ಬಳಿಗೇ ಆದದ್ದಲ್ಲ. 2009ರಲ್ಲಿ ಫ್ರಾನ್ಸಿನ ಒಬ್ಬ, 'ಹ್ಯಾಕರ್ ಕ್ರೋಲ್' ಎಂಬ ಹೆಸರಿನಲ್ಲಿ, ಟ್ವಿಟರ್ ಕಂಪನಿಯ ನೌಕರರೊಬ್ಬರ ಜಿಮೇಲಿಗೆ ನುಗ್ಗಿದ್ದು ಇದೇ ದಾರಿಯಲ್ಲಿ. ಅವರ ಮರುಪ್ರಾಪ್ತಿ ವಿಳಾಸವಾಗಿದ್ದ ಹಾಟ್‌ಮೇಲ್ ಬಳಕೆಯಿಲ್ಲದೆ ಮುಚ್ಚಿಹೋಗಿತ್ತು. ಅವನು ಆ ಹೆಸರನ್ನು ಮತ್ತೆ ತೆರೆದುಕೊಂಡ, ಕಂಪನಿಯ ಒಳಗಿನ ಕಡತಗಳವರೆಗೆ ಹೋದ. 2013ರಲ್ಲಿ ಯಾಹೂ, ವರ್ಷದ ಮೇಲೆ ಮುಟ್ಟದ ಹೆಸರುಗಳನ್ನು ಬೇರೆಯವರಿಗೆ ಕೊಡುವುದಾಗಿ ಸಾರಿ ಹೇಳಿಯೇ ಕೊಟ್ಟಿತು. ಜಿಮೇಲಿನಲ್ಲಿ ಅಳಿಸಿದ ವಿಳಾಸ ಮತ್ತೊಬ್ಬರಿಗೆ ಸಿಗುವುದಿಲ್ಲ, ಆದರೆ ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮೊಬೈಲ್ ನಂಬರಿನ ಕಥೆಯೂ ಅಷ್ಟೇ: ನಿಂತುಹೋದ ನಂಬರು 90 ದಿನ ಕಳೆದ ಮೇಲೆ ಬೇರೆಯವರ ಕೈಗೆ ಹೋಗಬಹುದು. ಹಳೆಯ ಮೇಲನ್ನು ಬಿಟ್ಟರೆ ಅದು ಸುಮ್ಮನೆ ಸಾಯುತ್ತದೆ ಎಂದು ನಾವು ತಿಳಿದಿದ್ದೇವೆ. ಅದಕ್ಕೆ ಏನೇನು ಕಟ್ಟಿದ್ದೇವೋ ಅದೆಲ್ಲವನ್ನೂ ಬಿಚ್ಚಿದ ಮೇಲೆ ಮಾತ್ರ ಬಿಡಬೇಕು, ಇಲ್ಲವೇ ಆಗಾಗ ತೆರೆದು ಜೀವಂತವಾಗಿ ಇಟ್ಟುಕೊಳ್ಳಬೇಕು.

ನನ್ನ ಅತಿ ದೊಡ್ಡ ನಷ್ಟ ಹಣದ ಲೆಕ್ಕದಲ್ಲಿ ಬರುವುದಿಲ್ಲ. ಅಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಭಾನುವಾರ ಬಳ್ಳಾರಿಗೆ ಬಂದರೆ ನನ್ನ ಪಕ್ಕ ಕೂತು ಅಣ್ಣನಿಗೆ ಪತ್ರ ಹೇಳುತ್ತಿದ್ದರು, ನಾನು 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಡತವನ್ನು ಮೇಲಿಗೆ ಲಗತ್ತಿಸುತ್ತಿದ್ದೆ. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಸೋನಾ ಮಸೂರಿಯ ದರ ಎಷ್ಟು, ಅಮ್ಮನ ಮೊಣಕಾಲು ನೋವು, ಯಾರ ಮನೆಯಲ್ಲಿ ಮಗು ಹುಟ್ಟಿತು. ಪ್ರತಿ ಪತ್ರದ ಕೊನೆಗೆ "ಊಟ ಬಿಡಬೇಡ" ಎಂದು ತಪ್ಪದೆ ಬರೆಸುತ್ತಿದ್ದರು. ಅಪ್ಪ ಈಗ ಇಲ್ಲ. ಅಣ್ಣನ ಕಡೆಯ ಪ್ರತಿಗಳು ಅವನ ಖಾತೆಯ ಜೊತೆಗೇ ಹೋದವು. ಉಳಿದದ್ದು ನನ್ನ ಕಳಿಸಿದ ಮೇಲುಗಳ ಫೋಲ್ಡರಿನಲ್ಲಿ ಮಾತ್ರ, ಅದನ್ನು ಕಳ್ಳರು ಖಾಲಿ ಮಾಡಿದ್ದರು.

ಅಳಿಸಿದ್ದರಲ್ಲಿ ಒಂದಿಷ್ಟು ಕಸದ ಫೋಲ್ಡರಿನಲ್ಲಿ ಉಳಿದಿತ್ತು, ಒಂದಿಷ್ಟು ಅಲ್ಲಿಂದಲೂ ಹೋಗಿತ್ತು. ಸಿಕ್ಕವನ್ನು ತೆರೆದರೆ ಕನ್ನಡವಿಲ್ಲ. ತಲೆಬುಡವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು. ಯುನಿಕೋಡ್ ರೂಢಿಗೆ ಬರುವ ಮೊದಲಿನ ಕಡತಗಳವು. ಆ ಕಾಲದ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೆಯೇ ಕಾಣುತ್ತವೆ. ಹುಡುಗ ಪರಿವರ್ತಕ ತಂತ್ರಾಂಶಕ್ಕೆ ಹಾಕಿದ, ಅಪ್ಪನ ಮಾತು ಓದಲು ಬಂತು. ಕೆಲವು ಒತ್ತಕ್ಷರ ಕೆಟ್ಟಿದ್ದವು, ಕೈಯಿಂದ ತಿದ್ದಿದೆ. ಈಗ ಅವೆಲ್ಲ ಮುದ್ರಣವಾಗಿ ಒಂದು ಫೈಲಿನಲ್ಲಿವೆ, ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಒಂದು ಅಣ್ಣನ ಬಳಿ. ಹೋದವು ಹೋದವೇ. ಅವುಗಳಲ್ಲಿ ನನ್ನ ಮದುವೆಯ ವರ್ಷದವೂ ಇದ್ದವು.

ಹುಬ್ಬಳ್ಳಿಯವರು ಮತ್ತು ಘಟಕದ ಯಜಮಾನರು ಕೂತು ಮಾತಾಡಿ ನಷ್ಟವನ್ನು ಹಂಚಿಕೊಂಡರು. ಇಬ್ಬರೂ ಹಳೆಯ ವ್ಯವಹಾರಸ್ಥರು, ಕೋರ್ಟಿಗೆ ಹೋಗದೆ ಮಾತಿನಲ್ಲೇ ಮುಗಿಸಿದ್ದು ಅವರ ದೊಡ್ಡತನ. ಆ ಶನಿವಾರದ ಬಟವಾಡೆ ಸಾಲ ಮಾಡಿ ಆಯಿತು. ತಡೆಹಿಡಿದಿದ್ದ ಎಪ್ಪತ್ತು ಸಾವಿರ ನ್ಯಾಯಾಲಯದ ಆದೇಶದ ಮೇಲೆ ಬಿಡುಗಡೆಯಾಯಿತು, ಉಳಿದದ್ದರ ತನಿಖೆ ನಡೆದಿದೆ. ಖಾತೆ ನಂಬರು ಬದಲಾಗಿದೆ ಎಂದು ಯಾವ ಮೇಲ್ ಬಂದರೂ, ಮೊದಲೇ ಗೊತ್ತಿರುವ ಫೋನ್ ನಂಬರಿಗೆ ಕರೆಮಾಡಿ ದನಿ ಕೇಳದೆ ಹಣ ಹಾಕಬಾರದು ಎಂದು ವ್ಯಾಪಾರಿಗಳಿಗೆಲ್ಲ ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸಿದ್ದೇನೆ.

ನನ್ನ ಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿದ್ದೇನೆ, ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಅಣ್ಣನ ಹಳೆಯ ವಿಳಾಸ ಇನ್ನೆಲ್ಲೆಲ್ಲಿ ಇದೆ ಎಂದು ಅವನೂ ನಾನೂ ಹುಡುಕುತ್ತಿದ್ದೇವೆ. ಅವನ ಎಲ್‌ಐಸಿ ಪಾಲಿಸಿಯಲ್ಲಿ ಒಂದು ಸಿಕ್ಕಿತು, ಊರಿನ ಬ್ಯಾಂಕ್ ಖಾತೆಯಲ್ಲಿ ಇನ್ನೊಂದು. ಅವನು ರಜೆಗೆ ಬಂದಾಗ ಖುದ್ದಾಗಿ ಹೋಗಿ ಸಹಿ ಹಾಕಿದರೆ ಮಾತ್ರ ಬ್ಯಾಂಕಿನದು ಬದಲಾಗುತ್ತದೆ.