ಜಿನ್ನಿ ಬುಗ್ಗೆಯ ದಂಡೆಯಲ್ಲಿ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಸಾಕು, ನೆರೆಹೊರೆಯವರ ಮೊದಲ ಪ್ರಶ್ನೆ, "ನಯಾಗರಾ ನೋಡಿದಿರಾ?" ಇಲ್ಲ ಕಣ್ರೀ, ನೋಡಲಿಲ್ಲ. ನಾನು ನೋಡಿದ್ದು ಕಾಡಿನ ನಡುವಿನ ಒಂದು ನೀರಿನ ಬುಗ್ಗೆ. ಅದರ ದಂಡೆಯ ಮೇಲೆ ಎರಡು ಗಂಟೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅಲ್ಲಿ ಕಲಿತ ಒಂದು ಮಾತನ್ನು ಈಗ ದಿನಾ ರಾತ್ರಿ ಸಾಗರದ ನಮ್ಮ ಅಡಿಗೆಮನೆಯಲ್ಲಿ ನೆನೆಯುತ್ತೇನೆ.

ನನ್ನ ಮಗ, ಸೊಸೆ ಇರುವುದು ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್‌ನಲ್ಲಿ. ಮಗನಿಗೆ ನೀರು ಕಂಡರೆ ಮಾರು ದೂರ. ಸೊಸೆ ಮಂಗಳೂರಿನ ಕಡೆಯವಳು, ಈಜು ಅವಳಿಗೆ ನಡಿಗೆಯಷ್ಟೇ ಸಲೀಸು. ಬರೀ ಈಜಾಗಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಇವಳು ಭಾನುವಾರ ಬಂತೆಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರೊಳಗಿನ ಗುಹೆಗೆ ಇಳಿಯುತ್ತಾಳೆ! ನಾನು ಮುಖ ಗಂಟಿಕ್ಕಿದ್ದನ್ನು ಕಂಡು, "ಅತ್ತೆ, ಒಂದು ಸಲ ಬಂದು ನೋಡಿ. ಆಮೇಲೂ ಬೇಡ ಅಂದರೆ ಬಿಟ್ಟುಬಿಡ್ತೀನಿ" ಅಂದಳು. ಮಾತು ಕೊಟ್ಟ ಮೇಲೆ ಹೋಗಲೇಬೇಕಾಯಿತು. ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡು ಹೊರಟೆವು.

ಜಿನ್ನಿ ಸ್ಪ್ರಿಂಗ್ಸ್ ಎಂಬ ಆ ಜಾಗ ಗೇನ್ಸ್‌ವಿಲ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹೈ ಸ್ಪ್ರಿಂಗ್ಸ್ ಎಂಬ ಪುಟ್ಟ ಊರು ದಾಟಿದರೆ ಬಂತು. ದೊಡ್ಡ ದೊಡ್ಡ ಓಕ್ ಮರಗಳು, ಅವುಗಳಿಂದ ಮುದುಕರ ಗಡ್ಡದ ಹಾಗೆ ಇಳಿಬಿದ್ದ ಬೂದುಬಣ್ಣದ ಜಟೆ. ಪಕ್ಕದಲ್ಲಿ ಸಾಂಟಾ ಫೇ ನದಿ. ಎಲೆ, ಬೇರು ನೆನೆದು ನದಿಯ ನೀರು ನಮ್ಮ ಕಾಫಿ ಡಿಕಾಕ್ಷನ್ನಿನ ಬಣ್ಣ. ಬುಗ್ಗೆಯ ನೀರೋ, ಗಾಜಿನಷ್ಟು ತಿಳಿ. ಎರಡೂ ಕೂಡುವಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಬುಗ್ಗೆಯ ನೀರು ಚಳಿಗಾಲವಿರಲಿ, ಬೇಸಗೆಯಿರಲಿ, ಸುಮಾರು 22 ಡಿಗ್ರಿ. ಮಕ್ಕಳು ರಬ್ಬರ್ ಟ್ಯೂಬಿನ ಮೇಲೆ ಕೂತು ತೇಲುತ್ತಿದ್ದವು. ನೋಡಿದರೆ ಜಾತ್ರೆ!

ಆದರೆ ಗುಹೆಯ ಬಾಯಿಗಳ ಹೆಸರು ಕೇಳಿ: ಸೈತಾನನ ಕಣ್ಣು, ಸೈತಾನನ ಕಿವಿ. ತರಬೇತಿ ಇಲ್ಲದವರು ಮುಂದೆ ಹೋಗಬೇಡಿ ಎಂದು ಒಳಗೆ ಎಚ್ಚರಿಕೆಯ ಫಲಕ, ಅದರ ಮೇಲೆ ಕುಡುಗೋಲು ಹಿಡಿದ ಸಾವಿನ ಚಿತ್ರ. ಈ ಸೀಮೆಯ ಗುಹೆಗಳಲ್ಲಿ ಎಷ್ಟೋ ಜನ ತೀರಿಕೊಂಡಿದ್ದಾರೆ. ಶೆಕ್ ಎಕ್ಸ್‌ಲಿ ಎಂಬ ಫ್ಲಾರಿಡಾದ ಗಣಿತದ ಮೇಷ್ಟ್ರು ಅಂಥ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 1979ರಲ್ಲಿ ಪುಸ್ತಕ ಬರೆದರು. ಹೊರಗಿನವರೆಗೆ ಹಗ್ಗ ಇರಲಿ, ಇರುವ ಗಾಳಿಯಲ್ಲಿ ಮೂರನೇ ಒಂದು ಪಾಲು ಮಾತ್ರ ಒಳಹೋಗಲು ಬಳಸಿ, ಮಿತಿಗಿಂತ ಆಳಕ್ಕೆ ಇಳಿಯಬೇಡಿ ಎಂಬ ನಿಯಮಗಳು ಅದರಿಂದ ಗಟ್ಟಿಯಾದವು. ಆ ಮೇಷ್ಟ್ರೂ 1994ರಲ್ಲಿ ಮೆಕ್ಸಿಕೋದ ಒಂದು ಆಳದ ಕೊಳದಲ್ಲೇ ತೀರಿಕೊಂಡರು. ಇದನ್ನು ಸೊಸೆಯೇ ಹೇಳಿದಳು, ಮುಚ್ಚಿಡಲಿಲ್ಲ. ನನ್ನ ಎದೆ ಹೇಗಾಗಿರಬೇಡ, ನೀವೇ ಹೇಳಿ!

ಅವಳು ಮರದ ಮೇಜಿನ ಮೇಲೆ ಸಾಮಾನು ಹರಡಿದಳು. ಬೆನ್ನಿಗೆ ಜೋಡಿ ಸಿಲಿಂಡರ್ ಅಲ್ಲದೆ, ಪಕ್ಕಕ್ಕೆ ತೂಗುಹಾಕಿಕೊಳ್ಳುವ ಇನ್ನೆರಡು. ಒಂದರ ಹೆಸರು ಸ್ಟೇಜ್. ಅರ್ಧ ದಾರಿಯವರೆಗೆ ಅದರಿಂದ ಉಸಿರಾಡಿ, ಹಗ್ಗಕ್ಕೆ ಸಿಕ್ಕಿಸಿ ಬಿಟ್ಟು, ಬರುವಾಗ ಎತ್ತಿಕೊಳ್ಳುವುದು. ನಮ್ಮ ದಾರಿಯ ಅರವಟ್ಟಿಗೆಯ ಹಾಗೆ ಅಂದುಕೊಳ್ಳಿ. ಇನ್ನೊಂದರಲ್ಲಿ ಶುದ್ಧ ಆಮ್ಲಜನಕ. ಅದು ಯಾಕೆಂದರೆ, ಆಳದ ಒತ್ತಡದಲ್ಲಿ ಗಾಳಿಯ ಸಾರಜನಕ ರಕ್ತದಲ್ಲಿ, ಮೈಯಲ್ಲಿ ಕರಗಿ ಕೂರುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಗೋಲಿ ಸೋಡಾ ಒಡೆದಂತೆ ಮೈಯೊಳಗೆ ಗುಳ್ಳೆ ಏಳುತ್ತದೆ. ಕೈಕಾಲು ಬಿದ್ದುಹೋಗಬಹುದು, ಪ್ರಾಣವೂ ಹೋಗಬಹುದು. ಅದಕ್ಕೆ 6 ಮೀಟರ್ ಆಳದಲ್ಲಿ ನಿಂತು, ಆಮ್ಲಜನಕ ಉಸಿರಾಡಿ ಅದನ್ನು ತೊಳೆದು ಕಳಿಸಬೇಕು.

"ಹಾಗಾದರೆ ಮೊದಲಿಂದಲೂ ಅದನ್ನೇ ಉಸಿರಾಡಬಾರದೇನೆ?" ಅಂದೆ.

"ಅಯ್ಯೋ ಅತ್ತೆ! 6 ಮೀಟರ್‌ಗಿಂತ ಕೆಳಗೆ ಆಮ್ಲಜನಕವೇ ವಿಷ. ಫಿಟ್ಸ್ ಬಂದು ಬಾಯಿಂದ ನಳಿಗೆ ಬಿದ್ದು ಮುಳುಗಿಹೋಗ್ತಾರೆ."

ಸಿಲಿಂಡರಿನ ಮೇಲೆ ದಪ್ಪಕ್ಷರದಲ್ಲಿ 20 ಎಂದು ಅಂಟಿಸಿದ್ದಳು. ಅಲ್ಲಿನವರ ಅಡಿ ಲೆಕ್ಕ ಅದು. ಆಮೇಲೆ ರೆಗ್ಯುಲೇಟರ್ ಕೂರಿಸಿ ವಾಲ್ವನ್ನು ನಿಧಾನ ತಿರುಗಿಸಿದಳು. ಆಮ್ಲಜನಕದ ವಾಲ್ವ್ ರಪ್ಪನೆ ತೆರೆದರೆ ಶಾಖ ಹುಟ್ಟಿ ಬೆಂಕಿ ಹತ್ತಬಹುದಂತೆ, ಎಣ್ಣೆಗೈ ಅಂತೂ ಸೋಕಲೇಬಾರದು. ಮುಳ್ಳು ನೋಡುತ್ತಾ ನಾಲ್ಕು ಸಲ ಉಸಿರೆಳೆದಳು. ಮುಳ್ಳು ಅಲುಗದಿದ್ದರೆ ಸರಿ, ಉಸಿರಿನ ಜೊತೆ ಮುಳ್ಳು ಕುಗ್ಗಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. "ಪೂರ್ತಿ ತೆರೆ, ಇಲ್ಲಾ ಪೂರ್ತಿ ಮುಚ್ಚು. ಅರೆಬರೆ ಕೂಡದು" ಅಂದಳು. ಇಷ್ಟೆಲ್ಲ ಮಾಡಿ ಕೊನೆಗೆ ವಾಲ್ವ್ ಮುಚ್ಚಿಬಿಟ್ಟಳು!

ಉಸಿರಿನ ಸಾಮಾನನ್ನೇ ಮುಚ್ಚಿಡುವುದೆಂದರೇನು? ಕಾರಣ ಕೇಳಿ. ನಳಿಗೆಯಲ್ಲಿ ಒತ್ತಡ ತುಂಬಿರುವುದರಿಂದ ನೀರು ಒಳನುಗ್ಗುವುದಿಲ್ಲ. ವಾಲ್ವ್ ಮುಚ್ಚಿರುವುದರಿಂದ, ಎಲ್ಲಿ ಸೋರಿದರೂ ನಳಿಗೆಯಲ್ಲಿದ್ದಷ್ಟೇ ಹೋಗುತ್ತದೆ, ಸಿಲಿಂಡರ್ ಬರಿದಾಗುವುದಿಲ್ಲ. ಇನ್ನೊಂದು ದೊಡ್ಡ ಕಾರಣವೂ ಉಂಟು. ಅವಳ ಜೊತೆಗಾರನೊಬ್ಬ ಹಿಂದೊಮ್ಮೆ 30 ಮೀಟರ್ ಆಳದ ಕತ್ತಲಲ್ಲಿ ತಪ್ಪಿ ಆಮ್ಲಜನಕದ ನಳಿಗೆಯನ್ನೇ ಬಾಯಿಗಿಟ್ಟನಂತೆ. ಒಂದು ಉಸಿರು ಬಂತು, ಎರಡನೆಯದಕ್ಕೆ ಕಟ್ಟಿಕೊಂಡಿತು. ಬೆಚ್ಚಿ ನೋಡಿದಾಗ ತಪ್ಪು ತಿಳಿಯಿತು. ಮುಚ್ಚಿದ ವಾಲ್ವ್ ಅವನ ಪ್ರಾಣ ಉಳಿಸಿತು. ಸರಿಯಾದ ಆಳಕ್ಕೆ ಬಂದ ಮೇಲೆ ಅಂಕಿ ಓದಿ, ಜೊತೆಗಾರನಿಗೆ ತೋರಿಸಿ, ಅವನು ನಳಿಗೆಯ ಜಾಡು ಹಿಡಿದು ಹೌದೆಂದ ಮೇಲಷ್ಟೇ ತೆರೆಯುವುದು.

ಇದನ್ನು ಕೇಳಿ ನನಗೆ ನಮ್ಮ ಮನೆಯ ಹಳೆಯ ಸಂಗತಿ ನೆನಪಾಯಿತು. ಆಗ ನಾನು ರಾತ್ರಿ ಒಲೆಯ ನಾಬ್ ಮಾತ್ರ ತಿರುಗಿಸಿ ಮಲಗುತ್ತಿದ್ದೆ, ಸಿಲಿಂಡರಿನದು ಹಾಗೇ ಇರುತ್ತಿತ್ತು. ಒಂದು ರಾತ್ರಿ ಇಲಿ ರಬ್ಬರ್ ಟ್ಯೂಬ್ ಕಡಿದಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಗಮ್ಮೆಂದು ವಾಸನೆ. ನಮ್ಮವರು ದೀಪದ ಸ್ವಿಚ್ಚಿಗೆ ಕೈ ಹಾಕಿದ್ದರು. ನಾನು ಕಿರುಚಿದ್ದಕ್ಕೆ ನಿಂತರು. ಅಡಿಗೆ ಗ್ಯಾಸಿಗಾದರೆ ಸೋರಿದ್ದು ತಿಳಿಯಲೆಂದೇ ವಾಸನೆ ಬೆರೆಸುತ್ತಾರೆ. ನೀರೊಳಗೆ ವಾಸನೆ ಯಾರು ಹೇಳಬೇಕು?

ಒಂದೂವರೆ ಗಂಟೆಯಲ್ಲಿ ಬರುತ್ತೇನೆಂದು ಇಬ್ಬರೂ ಇಳಿದರು. ಒಂದೂವರೆ ಗಂಟೆ ಆಯಿತು, ಬರಲಿಲ್ಲ. ಮಗ ಮಾತಾಡದೆ ಅತ್ತಿಂದಿತ್ತ ಓಡಾಡುತ್ತಿದ್ದ. ನಾನು ಕುಲದೇವರಿಗೆ ಹರಕೆಯನ್ನೇ ಹೊತ್ತೆ. ಕಿವಿಯ ಬಳಿ ಒಂದೇ ಕಡೆ ಗುಳ್ಳೆ ಏಳುತ್ತಿತ್ತು. ದಂಡೆಯಲ್ಲಿದ್ದ ಅಜ್ಜರೊಬ್ಬರು, "ಗುಳ್ಳೆ ಒಂದೇ ಕಡೆ ನಿಂತಿದೆ ಎಂದರೆ ಅವರು ಮೇಲೆ ಬರುವ ಸರದಿ ಕಾಯುತ್ತಿದ್ದಾರೆ ತಾಯಿ, ಹೆದರಬೇಡಿ" ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಅಂತೂ ಇಪ್ಪತ್ತು ನಿಮಿಷ ತಡವಾಗಿ ಅವಳ ತಲೆ ಮೇಲೆ ಬಂತು.

ಆಗಿದ್ದಿಷ್ಟು. ದಾರಿಯಲ್ಲಿ ಜೊತೆಗಾರನ ದೀಪ ಕೆಟ್ಟು ನಿಧಾನ ಬಂದರು, ಆಳದಲ್ಲಿ ಹೆಚ್ಚು ಹೊತ್ತಾದಷ್ಟೂ ಕಾಯುವುದೂ ಹೆಚ್ಚು. ಕಾಯುವಾಗ ಇವಳು ಆಮ್ಲಜನಕ ತೆರೆದರೆ, ನಳಿಗೆಯ ಬಾಯಲ್ಲಿ ಮರಳು ಸಿಕ್ಕಿ ಬುಸುಬುಸು ಹರಿಯತೊಡಗಿತಂತೆ. ವಾಲ್ವ್ ಮೊದಲೇ ತೆರೆದಿದ್ದರೆ ಅಷ್ಟೊತ್ತಿಗೆ ಸಿಲಿಂಡರ್ ಖಾಲಿ. ಇವಳು ಉಸಿರೆಳೆಯುವಾಗ ತೆರೆದು, ಬಿಡುವಾಗ ಮುಚ್ಚಿ, ಕೈಯಲ್ಲೇ ಲೆಕ್ಕ ಹಿಡಿದು ಅಷ್ಟೂ ಹೊತ್ತು ಕಳೆದಿದ್ದಳು.

"ಹೆದರಿಕೆ ಆಗಲಿಲ್ಲವೇನೆ?"

"ಆಯ್ತು ಅತ್ತೆ. ಆದರೆ ಕೈಗೆ ಕೆಲಸ ಇತ್ತಲ್ಲ."

ಚಿತ್ರಾನ್ನ ತಿನ್ನುವಾಗ ಅವಳ ಬೆರಳು ಇನ್ನೂ ನಡುಗುತ್ತಿತ್ತು. "ಈಗ ಹೇಳಿ, ಬಿಟ್ಟುಬಿಡಲಾ?" ಅಂದಳು. ಬೇಡ ಎನ್ನುವ ಮಾತು ನಾಲಗೆ ತುದಿಯಲ್ಲಿತ್ತು. ಆದರೆ ಅಷ್ಟು ಜತನದಿಂದ ಕೆಲಸ ಮಾಡುವ ಹುಡುಗಿಗೆ ಏನೆನ್ನಲಿ? "ದೀಪ ಇನ್ನೊಂದು ಹೆಚ್ಚಿಗೆ ಇಟ್ಟುಕೋ" ಎಂದೆ.

ನೀವು ಆ ಗುಹೆಗೆ ಇಳಿಯಬೇಕಾಗಿಲ್ಲ. ಆದರೆ ಇವತ್ತು ರಾತ್ರಿ ಮಲಗುವ ಮುಂಚೆ ಒಲೆಯದಷ್ಟೇ ಅಲ್ಲ, ಸಿಲಿಂಡರಿನ ನಾಬನ್ನೂ ಆಫ್ ಮಾಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ನಾನಂತೂ ನಾಬ್ ತಿರುಗಿಸುವಾಗಲೆಲ್ಲ ಆ ಗುಳ್ಳೆಗಳನ್ನು ನೆನೆಯುತ್ತೇನೆ. ಭಾನುವಾರವಾದರೆ ಅವಳ ಫೋನ್ ಬರುವವರೆಗೆ ನಿದ್ದೆಯನ್ನೂ ಮಾಡುವುದಿಲ್ಲ.